ಎಲೆಯ ಮುಂದೆ ಮಿಡ್‌ಫೀಲ್ಡರ್

ಜನ್ನಾಪುರದ ಶಿವಯೋಗಿ ಮಿಡ್‌ಫೀಲ್ಡರ್. ಆ ಮಾತಿಗೆ ಅವನ ತಾಯಿ ಮಹಾಂತಮ್ಮನ ನಾಲಗೆ ಇವತ್ತಿಗೂ ಹೊರಳುವುದಿಲ್ಲ. ಕೇಳಿದವರಿಗೆ ‘ನಮ್ಮ ಹುಡುಗ ಫುಟ್‌ಬಾಲ್ ಕೆಲಸದಲ್ಲಿದ್ದಾನೆ’ ಅನ್ನುತ್ತಾಳೆ. ಅವಳು ಹೇಳುವುದೇ ಸರಿ. ಗೋಲು ಹೊಡೆದವನ ಫೋಟೊ ಪೇಪರಿನಲ್ಲಿ ಬರುತ್ತದೆ, ತಡೆದವನನ್ನು ಎತ್ತಿಕೊಂಡು ಕುಣಿಯುತ್ತಾರೆ. ನಡುವೆ ಓಡಿ ಓಡಿ, ಚೆಂಡು ಕಿತ್ತು, ಇನ್ನೊಬ್ಬನ ಕಾಲಿಗೆ ಕೊಡುವವನದು ಬರೀ ಕೆಲಸ. ಆ ಕೆಲಸವನ್ನೇ ಅವನು ಬೆಂಗಳೂರು, ಕೋಲ್ಕತ್ತ, ಮಲಪ್ಪುರಂ, ಐಜಾಲ್ ಎಂದು ಊರೂರು ಅಲೆದು ಮಾಡಿದ. ಯಾವ ಕ್ಲಬ್ಬೂ ಒಂದು ಸೀಸನ್ನಿಗಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲ. ಕೋಚ್ ಬದಲಾದರೆ ಮೊದಲು ಗಂಟುಮೂಟೆ ಕಟ್ಟುವವನು ಇವನೇ.

ಈಗ ಮೂವತ್ತನಾಲ್ಕು. ಹೋದ ವರ್ಷ ಪಂಜಾಬಿನಲ್ಲಿ ಆಡುವಾಗ ಬಲ ಮೊಣಕಾಲು ತಿರುಚಿ ಹಾಳಾಯಿತು. ಪಟ್ಟಿ ಬಿಗಿದು ಮಾತ್ರೆ ನುಂಗಿದರೆ ಓಡಬಲ್ಲ, ಆದರೆ ನೆಲದ ಮೇಲೆ ಕೂತರೆ ಆಸರೆಯಿಲ್ಲದೆ ಏಳಲಾರ. ಇದು ಗೊತ್ತಿದ್ದದ್ದು ಹೆಂಡತಿ ಸೌಂದರ್ಯಳಿಗೆ ಮಾತ್ರ. ಮನೆಯಲ್ಲಿ ಊಟಕ್ಕೆ ಟೇಬಲ್, ಲಿಂಗಪೂಜೆಗೆ ಕುರ್ಚಿ. ತಾಯಿ ಕೇಳಿದರೆ ಸೊಂಟ ಹಿಡಿದಿದೆ ಎಂಬ ಸುಳ್ಳು. ಬೇರೆ ಕಸುಬು ಅವನಿಗೆ ಬಾರದು. ಇನ್ನೊಂದು ಸೀಸನ್ ಸಿಗದಿದ್ದರೆ ಮುಂದೇನು ಎಂಬುದು ಅವನಿಗೆ ತೋಚುತ್ತಿರಲಿಲ್ಲ.

ಅಂಥ ಹೊತ್ತಿಗೆ ಗೋವಾದ ಸಣ್ಣ ಕ್ಲಬ್ಬೊಂದರಿಂದ ಮಧು ಬಂದ. ಕುಂಸಿಯವನು, ಹಿಂದೆ ಇವನ ಜೊತೆಗೇ ಆಡಿದವನು, ಈಗ ಸಹಾಯಕ ಕೋಚ್. ಬೆಳಿಗ್ಗೆ ಶಿವಮೊಗ್ಗದ ಮೈದಾನದಲ್ಲಿ ಶಿವಯೋಗಿಯನ್ನು ಆಡಿಸಿ ನೋಡಿದ. ಶಿವಯೋಗಿ ಹಲ್ಲು ಕಚ್ಚಿ ಆಡಿದ, ಚೆನ್ನಾಗಿಯೇ ಆಡಿದ.

“ಒಂದು ವರ್ಷದ ಕಾಂಟ್ರಾಕ್ಟ್ ಮಾಡಿಸ್ತೀನಿ ಮಾರಾಯ. ನನ್ನ ಮಾತಿನ ಮೇಲೆ ತಗೊಳ್ತಾರೆ. ಕಾಲು ಸರಿಯಿದೆ ತಾನೆ?” ಎಂದ ಮಧು.

“ಗುಂಡುಕಲ್ಲಿನ ಹಂಗಿದೆ” ಎಂದ ಶಿವಯೋಗಿ.

ಮಧುವಿಗೆ ಸಂಜೆ ಸೋಗಾನೆ ನಿಲ್ದಾಣದಿಂದ ವಿಮಾನ. ಅಷ್ಟರಲ್ಲಿ ಮಹಾಂತಮ್ಮ ಮಗನಿಗೆ ಫೋನ್ ಮಾಡಿ, ಮಧುವಿನ ಕೈಗೇ ಫೋನ್ ಕೊಡಿಸಿ, ಊಟಕ್ಕೆ ಬರದೆ ಹೋದರೆ ಬಿಡುವುದಿಲ್ಲ ಎಂದು ಗದರಿಸಿದಳು. ಮನೆಯಲ್ಲಿ ಟೇಬಲ್ ಇದೆಯಲ್ಲ ಎಂದು ಶಿವಯೋಗಿ ಧೈರ್ಯ ಮಾಡಿ ಕರೆತಂದ.

ಬಂದು ನೋಡಿದರೆ ಟೇಬಲ್ ಹಿತ್ತಿಲಲ್ಲಿತ್ತು. ನಡುಮನೆಯಲ್ಲಿ ಚಾಪೆ ಹಾಸಿ ಎರಡು ಬಾಳೆಲೆ ಹಾಕಿತ್ತು.

“ಟೇಬಲ್ ಯಾಕಮ್ಮ ತೆಗೆಸ್ದೆ?”

“ನಿನಗೆ ಅನ್ನದ ದಾರಿ ತೋರ್ಸೋಕೆ ಬಂದೋರನ್ನ ಹೋಟ್ಲಲ್ಲಿ ಕೂರ್ಸಿದಂಗೆ ಕೂರ್ಸಕ್ಕಾಗತ್ತಾ? ಇವತ್ತೊಂದು ದಿನ ಜೊತೆಗೆ ನೀನೂ ಕೂತ್ಕೊ.”

ಸೌಂದರ್ಯ ಅಡುಗೆಮನೆಯಿಂದ ಓಡಿಬಂದಳು. “ಇವ್ರಿಗೆ ಸೊಂಟ ಹಿಡಿದಿದೆ ಅತ್ತೆ, ಆಮೇಲೆ ಉಣ್ತಾರೆ.”

“ಸೊಂಟನಾ? ಬೆಳಿಗ್ಗೆ ಜಿಂಕೆ ಓಡ್ದಂಗೆ ಓಡಿದಾನಲ್ಲಮ್ಮ!” ಮಧು ನಕ್ಕ.

ಶಿವಯೋಗಿ ಗೋಡೆ ಹಿಡಿದು ಹೇಗೋ ಕೂತ. ಮಧು ಮೊದಲು ಎದ್ದು ಕೈ ತೊಳೆಯಲು ಹೋದರೆ ಸಾಕು, ಮತ್ತೆ ಗೋಡೆ ಹಿಡಿದು ಏಳಬಹುದು. ಆದರೆ ಉಂಡು ಮುಗಿಸಿದ ಮಧು ಎಲೆ ಬಿಟ್ಟು ಏಳಲಿಲ್ಲ. ಜೊತೆಗೆ ಕೂತವನು ಉಣ್ಣುತ್ತಿರುವಾಗ ಏಳಬಾರದೆಂದು ಅವನ ಮನೆಯಲ್ಲೂ ಕಲಿಸಿದ್ದರು. ಇತ್ತ ಶಿವಯೋಗಿ ಅವನ ಕಣ್ಣೆದುರು ಏಳಲಾಗದೆ ಉಂಡ. ಹೋಳಿಗೆ ಇನ್ನೊಂದು, ಅನ್ನ ಇನ್ನಷ್ಟು, ಮಜ್ಜಿಗೆ ಮತ್ತೊಮ್ಮೆ. ಮಗ ಹೀಗೆ ಉಂಡು ಎಷ್ಟು ಕಾಲವಾಯಿತು ಎಂದು ಮಹಾಂತಮ್ಮ ಹಿಗ್ಗಿಹೋದಳು.

ಕೊನೆಗೆ ಎಲೆ ಬರಿದಾಯಿತು. “ಏಳೋ, ವಿಮಾನ ತಪ್ಪತ್ತೆ” ಎಂದು ಮಧು ಎದ್ದ. ಶಿವಯೋಗಿ ಎಡಗಾಲು ಒತ್ತಿ ಎದ್ದ, ಕುಸಿದ. ಮತ್ತೆ ಎದ್ದ, ಮತ್ತೆ ಕುಸಿದ. ಮಧು ನಗುತ್ತಲೇ ಎಡಗೈ ಚಾಚಿ ಎಳೆದ. ಇಡೀ ಮೈಯ ಭಾರ ತನ್ನ ತೋಳಿಗೆ ಬಿದ್ದಾಗ ಅವನ ನಗು ನಿಂತಿತು.

ಹಿತ್ತಿಲ ನಲ್ಲಿಯ ಹತ್ತಿರ ಮಧು ತಗ್ಗಿದ ದನಿಯಲ್ಲಿ ಹೇಳಿದ: “ನನಗಾದ್ರೂ ಹೇಳ್ಬೇಕಿತ್ತು.”

“ಹೇಳಿದ್ರೆ ಕರ್ಕೊಂಡು ಹೋಗ್ತಿದ್ಯಾ?”

“ಇಲ್ಲ. ಈಗ್ಲೂ ಆಗಲ್ಲ ಕಣೋ.”

ಮಧು ಮಹಾಂತಮ್ಮನ ಕಾಲಿಗೆ ನಮಸ್ಕರಿಸಿ, ಅವಳು ಕಟ್ಟಿಕೊಟ್ಟ ಹೋಳಿಗೆ ಹಿಡಿದು ಕಾರು ಹತ್ತಿದ. ಕಾರು ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಕೆಲಸ ಗಟ್ಟಿಯಾಯಿತೆಂಬ ಹಿಗ್ಗಿನಲ್ಲಿ ಒಳಗೆ ಬಂದು, ಕುರ್ಚಿಯಲ್ಲಿ ಕೂತಿದ್ದ ಮಗನ ತಲೆ ಸವರಿದಳು.

“ನೋಡ್ದಾ? ನಾನು ಊಟಕ್ಕೆ ಕರೀದೇ ಇದ್ದಿದ್ರೆ ಆಗ್ತಿತ್ತೇನೋ ಇದು?”

“ಆಗ್ತಿರ್ಲಿಲ್ಲಮ್ಮ” ಎಂದ ಶಿವಯೋಗಿ.