ಉಪ್ಪಿನವರ ವೀಳ್ಯ

ನಮ್ಮ ದೊಡ್ಡಪ್ಪನ ಮಗ ಬಳ್ಳಾರಿಯಲ್ಲಿ ಹೊಸ ಮನೆ ಕಟ್ಟಿಸಿ, ಗೇಟಿನ ಪಕ್ಕ ಕರಿಕಲ್ಲಿನ ಮೇಲೆ ಮನೆತನದ ಹೆಸರು ಕೆತ್ತಿಸಿದ. ಗೃಹಪ್ರವೇಶಕ್ಕೆ ಹೋದ ನಾನು ಅದನ್ನು ಓದಿ, ಬೇರೆಯವರ ಮನೆಗೆ ಬಂದೆನೇನೋ ಎಂದು ಆಟೋದವನನ್ನು ನಿಲ್ಲಿಸಿಕೊಂಡೆ. 'ಉಪ್ಪರಿಗೆ' ಎಂದಿತ್ತು. ನಾವು ಉಪ್ಪಿನವರು. ಅಜ್ಜಿಯ ಕಾಲದಿಂದ ಉಪ್ಪಿನವರು.

"ಏನಣ್ಣಾ ಇದು?" ಅಂದೆ.

"ಮೂಲ ಹೆಸರು ಅದಾ ಐತಿ. ನಮ್ಮ ಹಿರೇರು ಉಪ್ಪರಿಗಿ ಮನ್ಯಾಗ ಇದ್ದೋರು. ಮಂದಿ ಬಾಯಾಗ ಸವದು ಉಪ್ಪಿನ ಆಗೇತಿ."

"ಯಾರು ಹೇಳಿದ್ರು?"

"ತಿಳದೋರು ಹೇಳ್ಯಾರ."

ನನ್ನ ಮೈ ಉರಿದುಹೋಯಿತು. ಉಪ್ಪರಿಗೆಯಂತೆ, ಉಪ್ಪರಿಗೆ. ನಮ್ಮ ಅಜ್ಜಿಯ ತಲೆ ಮೇಲೆ ನೆಟ್ಟಗೊಂದು ಸೂರು ಇರಲಿಲ್ಲ.

ಆ ಅಜ್ಜಿ ನನ್ನಪ್ಪನನ್ನೂ ದೊಡ್ಡಪ್ಪನನ್ನೂ ಹೆತ್ತವಳು. ಗಂಡ ಸತ್ತ ವರ್ಷವೇ ಅವನ ಅಣ್ಣತಮ್ಮಂದಿರು ಅವಳನ್ನು ಮಕ್ಕಳ ಸಮೇತ ಹೊರಗೆ ಹಾಕಿದರು. ಅವಳು ಕುರುಗೋಡಿಗೆ ಬಂದು, ಬಳ್ಳಾರಿ ಪೇಟೆಯಿಂದ ಉಪ್ಪು ತರಿಸಿ, ಬುಟ್ಟಿ ಹೊತ್ತು ಊರೂರು ಮಾರಿದಳು. ಸಿರುಗುಪ್ಪ ದಾಟಿ ರಾರಾವಿಯ ತನಕ ಹೋಗುತ್ತಿದ್ದಳಂತೆ. ಬಾಗಿಲ ಮುಂದೆ ನಿಂತು "ಉಪ್ಪ ಬೇಕೇನ್ರವ್ವಾ, ಉಪ್ಪೂ" ಎಂದು ಕೂಗುವುದು, ಒಳಗಿನವರು ಮೊರದಲ್ಲಿ ಜೋಳ ತಂದು ಸುರಿದು ಉಪ್ಪು ಅಳೆಸಿಕೊಂಡು ಹೋಗುವುದು. ಹಿಮ್ಮಡಿಯ ಬಿರುಕಿಗೆ ಉಪ್ಪು ಸೇರಿ ಉರಿಯುತ್ತಿತ್ತು. ಅದಕ್ಕೆ ಔಡಲೆಣ್ಣೆ ಹಚ್ಚುತ್ತಿದ್ದವಳು ಹಿರಿಸೊಸೆ, ಅಂದರೆ ನಮ್ಮ ದೊಡ್ಡವ್ವ, ಈ ಉಪ್ಪರಿಗೆ ಅಣ್ಣನ ಹೆತ್ತತಾಯಿ.

ಹೆಸರು ಹುಟ್ಟಿದ ಕತೆಯನ್ನು ದೊಡ್ಡವ್ವನೇ ನನಗೆ ಹೇಳಿದ್ದು. ಮಕ್ಕಳನ್ನು ಸಾಲೆಗೆ ಹಾಕುವಾಗ ಮಾಸ್ತರರು ಮನೆತನ ಯಾವುದೆಂದು ಕೇಳಿದರು. ಹೊರಗೆ ಹಾಕಿದವರ ಹೆಸರು ಹೇಳಲು ಅಜ್ಜಿ ಒಪ್ಪಲಿಲ್ಲ. "ಯಾವುದು ನಮಗ ಅನ್ನ ಹಾಕೇತಿ, ಅದನ್ನ ಬರ್ಕೊಳ್ರಿ" ಅಂದಳು. ಅವರು ಉಪ್ಪಿನ ಎಂದು ಬರೆದುಕೊಂಡರು.

ಆಮೇಲೆ ಅದು ಪಟ್ಟ ಪಾಡು ಬೇರೆ. ಹೈಸ್ಕೂಲಿನ ತೆಲುಗು ಗುಮಾಸ್ತರು ಇಂಗ್ಲಿಷಿನಲ್ಲಿ ಮೊದಲಿಗೆ ವಿ ಹಚ್ಚಿ 'ವುಪ್ಪಿನ' ಮಾಡಿದರು. ಇಂಟಿಪೇರು, ಅಂದರೆ ಮನೆತನದ ಹೆಸರು, ಮುಂದೆಯೇ ಬರಬೇಕೆಂದು ಅದನ್ನು ಹೆಸರಿನ ತಲೆ ಮೇಲೆ ಕೂಡಿಸಿದರು. ಹೀಗಾಗಿ ಅಣ್ಣನಿಗೆ ಇನಿಶಿಯಲ್ಲು ಯು, ಅವನ ಒಡಹುಟ್ಟಿದ ತಮ್ಮನಿಗೆ ವಿ, ನನ್ನ ಆಧಾರ್ ಕಾರ್ಡಿನಲ್ಲಿ ಕೊನೆಗೊಂದು ಎ ಬಾಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ನೀವು ಬೇರೆ ಬೇರೆ ಮನೆಯವರೇನು ಎಂದು ಕೇಳಿದವರೂ ಇದ್ದಾರೆ. ಅದಕ್ಕೆಲ್ಲ ನಾನು ಸಿಟ್ಟಾದವಳಲ್ಲ. ಹೇಗೆ ಬರೆದರೂ ಅದರಲ್ಲಿ ಉಪ್ಪಿತ್ತು, ಅಜ್ಜಿ ಇದ್ದಳು. ಈ ಮಹರಾಯ ಅಜ್ಜಿಯನ್ನೇ ಒರೆಸಿ ಹಾಕಿದ್ದ.

"ಜಗಳ ತೆಗೀಬ್ಯಾಡವಾ" ಅಂದ ಅಣ್ಣ. "ಮಗಳಿಗೆ ಸಿರುಗುಪ್ಪದ ಅಕ್ಕಿ ಗಿರಣಿಯವರ ಮನಿ ಗೊತ್ತಾಗೇತಿ. ಉಪ್ಪು ಮಾರಿದೋರು ಅಂದ್ರ ಬೀಗರು ಏನ್ ತಿಳ್ಕೊಂತಾರ?"

"ಅಕ್ಕಿ ಮಾರೋರಿಗಿಂತ ಉಪ್ಪು ಮಾರೋರು ಯಾವುದ್ರಾಗ ಕಡಿಮಿ?" ಅಂದೆ. ಅವನು ಪುರೋಹಿತರನ್ನು ವಿಚಾರಿಸುವ ನೆಪ ಮಾಡಿ ಎದ್ದು ಹೋದ.

ನಿಶ್ಚಯ ಬಳ್ಳಾರಿಯ ಕಲ್ಯಾಣ ಮಂಟಪದಲ್ಲಿ. ನಮ್ಮಲ್ಲಿ ಉಂಗುರ, ಸೀರೆ ಏನೇ ಇರಲಿ, ದೈವದ ಹಿರಿಯರು, ಅಂದರೆ ಸಮಾಜದ ಹಿರೀಕರು, ಎರಡೂ ಮನೆತನದ ಹೆಸರು ಕೂಗಿ ವೀಳ್ಯ ಕೊಡಬೇಕು, ಆಯಾ ಮನೆಯ ಹಿರಿಯರು ಎದ್ದು ಬಂದು ತೆಗೆದುಕೊಳ್ಳಬೇಕು. ಆಗಲೇ ಸಂಬಂಧ ಗಟ್ಟಿ. ಬೇರೆ ಮನೆಗಳಲ್ಲಿ ಗಂಡಸರು ಏಳುತ್ತಾರೆ. ನಮ್ಮ ಮನೆಯ ವೀಳ್ಯಕ್ಕೆ ಅಜ್ಜಿಯ ಕಾಲದಿಂದಲೂ ಹಿರೇ ಹೆಣ್ಣುಮಗಳೇ ಕೈ ಒಡ್ಡುವುದು. ಅಜ್ಜಿ ಹೋದ ಮೇಲೆ ದೊಡ್ಡವ್ವ. ಕುರುಗೋಡಿನ ಕಿರಿಮಗನ ಮನೆಯಿಂದ ಅವಳನ್ನು ನಾನೇ ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆ.

ದೈವದ ಹಿರಿಯರು ತಟ್ಟೆ ಹಿಡಿದು, ಅಣ್ಣ ಹೇಳಿಕೊಟ್ಟ ಹೆಸರನ್ನೇ ಮೈಕಿನಲ್ಲಿ ಕೂಗಿದರು. "ಹೆಣ್ಣಿನ ಕಡಿ, ಉಪ್ಪರಿಗಿಯವರ ಮನಿ ವೀಳ್ಯ."

ದೊಡ್ಡವ್ವ ಏಳಲಿಲ್ಲ. ಕೇಳಿಸಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದರು. ಅವಳು ಸೆರಗು ಸರಿಮಾಡಿಕೊಂಡು ಕೂತೇ ಇದ್ದಳು. ಅಣ್ಣ ಓಡಿಬಂದು ಬಗ್ಗಿ, "ಯವ್ವಾ, ಏಳ, ನಮ್ಮನ್ನ ಕರ್ಯಾಕತ್ತಾರ" ಅಂದ.

"ನನ್ನ ಕರದಿಲ್ಲೋ ತಮ್ಮಾ. ಆ ಮನ್ಯಾರು ಬಂದಿದ್ರ ಅವರಾ ತಗೊಳ್ಳಲಿ."

ಅಣ್ಣ ತಾನೇ ಕೈ ಚಾಚಿದ. ಹಿರಿಯರು ತಟ್ಟೆ ಹಿಂದಕ್ಕೆಳೆದುಕೊಂಡರು. "ಹಿರೇರು ಕುಂತಾಗ ನಿನ್ನ ಕೈಗೆ ಕೊಡಾಕ ಬರಂಗಿಲ್ಲಪಾ."

ವೇದಿಕೆಯ ಮೇಲೆ ಕೂತಿದ್ದ ಹುಡುಗಿಯ ಕಣ್ಣು ತುಂಬಿತು. ಅಪ್ಪನ ಒಣ ದೊಡ್ಡಸ್ತಿಕೆಗೆ ಆ ಕೂಸಿನ ಸಂಬಂಧ ಮುರಿದರೆ ಯಾರು ಕಟ್ಟಿಕೊಡುತ್ತಾರೆ? ಆ ಗಳಿಗೆಯಲ್ಲಿ ಅಣ್ಣನ ಮೇಲೆ ಬಂದಷ್ಟು ಸಿಟ್ಟು ನನಗೆ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ.

ಗಂಡಿನ ಅಜ್ಜ ಕೋಲೂರಿ ಎದ್ದರು. "ತಡೀರಿ. ನಾವು ಕುರುಗೋಡಿನ ಉಪ್ಪಿನವರ ಮನಿ ಹೆಣ್ಣು ಅಂತ ಕೇಳ್ಕೊಂಡು ಬಂದೀವಿ. ನಮ್ಮವ್ವ ಆ ಬುಟ್ಟಿ ಉಪ್ಪಾ ಅಡಿಗಿಗೆ ಹಾಕ್ತಿದ್ಲು. ಈ ಉಪ್ಪರಿಗಿಯವರು ಯಾರು?"

ಅಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಹಿರಿಯರು ಗಂಟಲು ಸರಿಮಾಡಿಕೊಂಡು, "ಉಪ್ಪಿನವರ ಮನಿ ವೀಳ್ಯ" ಎಂದು ಕೂಗಿದರು. ದೊಡ್ಡವ್ವ ನನ್ನ ಭುಜ ಹಿಡಿದು ಎದ್ದು, ಎರಡೂ ಕೈಯಲ್ಲಿ ಎಲೆಯಡಿಕೆ ತೆಗೆದುಕೊಂಡಳು.

ದೊಡ್ಡವ್ವನನ್ನು ಕುರುಗೋಡಿಗೆ ನಾನೇ ವಾಪಸು ಕರೆದೊಯ್ದೆ. ಊರು ಹತ್ತಿರ ಬಂದಾಗ ಉಡಿಯಲ್ಲಿದ್ದ ಎಲೆ ಮುಟ್ಟಿ ನೋಡಿಕೊಂಡು ಹೇಳಿದಳು. "ನಮ್ಮತ್ತಿ ಬಿಸಲಾಗ ಎಷ್ಟು ಮನಿ ಮುಂದ ನಿಂತು ಕೂಗ್ಯಾಳ, ಯಾರೂ ಒಳಗ ಬಾ ಅಂದಿಲ್ಲವಾ. ಇವತ್ತು ಆಕಿ ಹೆಸರು ಹಿಡದು ಕರದ್ರು ನೋಡು."

ಮದುವೆ ಚೆನ್ನಾಗಿಯೇ ಆಯಿತು. ಅಣ್ಣ ಮಾತ್ರ ಗೇಟಿನ ಕಲ್ಲು ತೆಗೆಸಿಲ್ಲ. ಅದಕ್ಕೇ ನಾನೂ ಆ ಮನೆಗೆ ಹೋದಾಗ ಬೆಲ್ಲು ಒತ್ತುವುದಿಲ್ಲ. ರಸ್ತೆಯಲ್ಲೇ ನಿಂತು, ಓಣಿಯವರಿಗೆಲ್ಲ ಕೇಳುವಂತೆ, "ಉಪ್ಪ ಬೇಕೇನ್ರವ್ವಾ, ಉಪ್ಪೂ" ಎಂದು ಕೂಗುತ್ತೇನೆ. ಅತ್ತಿಗೆ ಓಡಿಬಂದು ಬಾಗಿಲು ತೆಗೆದು ಒಳಗೆ ಕರೆಯುತ್ತಾಳೆ.