ಇನ್ನೊಬ್ಬ ಜಟ್ಟಿಂಗಪ್ಪ

ರಿಪ್ಪನ್‌ಪೇಟೆಯಲ್ಲಿ ಪಂಚರ್ ಅಂಗಡಿ ಇಟ್ಟುಕೊಂಡಿರುವ ಜಟ್ಟಿಂಗಪ್ಪನಿಗೆ ಆ ಹೆಸರಿಟ್ಟದ್ದು ಅವನ ಅಪ್ಪ. ತೀರ್ಥಹಳ್ಳಿ ಕಡೆಯ ಜಟ್ಟಿಂಗಪ್ಪನವರು ಹರೆಯದಲ್ಲಿ ಗೇಣಿದಾರರನ್ನು ಕಟ್ಟಿಕೊಂಡು ಹೋರಾಡಿದವರು, ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು. ಉಳುತ್ತಿದ್ದ ಗದ್ದೆ ತನ್ನದಾದ ವರ್ಷವೇ ಮಗ ಹುಟ್ಟಿದನೆಂದು ಅಪ್ಪ ಅವರ ಹೆಸರನ್ನೇ ಕರೆದ. ಮುಂದೆ ಅವರು ದೆಹಲಿಗೆ ಹೋಗಿ ಕೇಂದ್ರ ಮಂತ್ರಿಯಾದರು. ಹುಡುಗ ಶಾಲೆ ಬಿಟ್ಟು ಟೈರು ಬಿಚ್ಚುವುದನ್ನು ಕಲಿತ. ಆದರೂ ಟಿವಿಯಲ್ಲಿ ಆ ಹೆಸರು ಬಂದಾಗಲೆಲ್ಲ ಅವನ ಎದೆ ಉಬ್ಬುತ್ತಿತ್ತು.

ಮಂತ್ರಿ ಜಟ್ಟಿಂಗಪ್ಪ ಸಾಹೇಬರು ನಾಲ್ಕನೇ ಸಲ ಲೋಕಸಭೆಗೆ ನಿಂತ ವರ್ಷ, ಅಂಗಡಿ ಮಳಿಗೆಯ ಮಾಲೀಕ ಹರಿಪ್ರಸಾದ್ ಬಂದು ಕೂತ. ಅವನು ಎದುರು ಪಕ್ಷದವನು.

“ನೀನೂ ಒಂದು ನಾಮಪತ್ರ ಹಾಕು ಮಾರಾಯ. ತಮಾಷೆಗೆ. ಆಮೇಲೆ ವಾಪಸ್ ತಗಂಡ್ರಾಯ್ತು.”

ಒಲ್ಲೆನೆಂದರೆ ಮಳಿಗೆ ಬಿಡಿಸಿಯಾನೆಂದು ಹೆದರಿ ಜಟ್ಟಿಂಗಪ್ಪ ಹೂಂ ಅಂದ, ನಾಮಪತ್ರ ಹಾಕಿಯೂ ಬಂದ. ವಿಷಯ ತಿಳಿದು ಹೆಂಡತಿ ಕನ್ನಮ್ಮ ಸಿಡಿದಳು. “ಮಾವ ಬದುಕಿದ್ದಿದ್ರೆ ನಿಮ್ಮ ಮುಖ ನೋಡ್ತಿರ್ಲಿಲ್ಲ. ಹೋಗಿ ವಾಪಸ್ ತಗಳಿ.”

ನಾಮಪತ್ರ ವಾಪಸ್ ಪಡೆಯುವ ಕೊನೆಯ ದಿನ ಶಿವಮೊಗ್ಗಕ್ಕೆ ತಾನೇ ಕರೆದೊಯ್ಯುತ್ತೇನೆಂದು ಹರಿಪ್ರಸಾದ್ ಕಾರು ತಂದ. ಕಾರು ನಿಂತದ್ದು ಸಾಗರದ ಒಂದು ಲಾಡ್ಜಿನ ಮುಂದೆ. ಫೋನು ಕಸಿದುಕೊಂಡರು. ಬಾಗಿಲಿಗೆ ಇಬ್ಬರು ಕೂತರು. ಬಿರಿಯಾನಿ ತರಿಸಿ ಉಪಚಾರ ಬೇರೆ. ಅವನು ಅದನ್ನು ಮುಟ್ಟದೆ, ಕಿಟಕಿಯ ಸರಳು ಹಿಡಿದು ಕೆಳಗೆ ಓಡಾಡುವ ಜನರನ್ನು ನೋಡುತ್ತ ನಿಂತೇ ಇದ್ದ. ಗಡುವು ಮುಗಿದ ಮೇಲೆ ಮನೆಗೆ ತಂದು ಬಿಟ್ಟರು.

ಸಾಹೇಬರು ಸೋತರು. ಸೋಲಿನ ಅಂತರಕ್ಕಿಂತ ಇವನಿಗೆ ಬಿದ್ದ ಮತವೇ ಹೆಚ್ಚಿತ್ತು. ಹೆಸರು ನೋಡಿ ಮೋಸಹೋದ ಜನ ತಮ್ಮನ್ನು ಸೋಲಿಸಿದರೆಂದು ಸಾಹೇಬರು ಸಭೆ ಸಭೆಯಲ್ಲಿ ಹೇಳಿಕೊಂಡರು. ಮತ್ತೆ ಅವರಿಗೆ ಟಿಕೆಟ್ ಸಿಗಲಿಲ್ಲ.

“ಮಂತ್ರಿ ಗಾಡೀನೇ ಪಂಚರ್ ಮಾಡ್ದವ ಇವ್ನೇ ನೋಡು,” ಎಂದು ಗಿರಾಕಿಗಳು ಎದುರಿಗೇ ನಗುತ್ತಿದ್ದರು. ಲಾಡ್ಜಿನ ಕತೆ ಹೇಳಿದರೆ ಯಾರೂ ನಂಬಲಿಲ್ಲ. ಮಗಳು ಮಂಜುಶ್ರೀ ಕಾಲೇಜಿನಲ್ಲಿ ಅಪ್ಪನ ಹೆಸರು ಹೇಳಲು ಹಿಂಜರಿದಳು. ಬೇರೆ ಕಡೆ ಅಂಗಡಿ ಹಾಕೋಣವೆಂದರೆ ಯಾರೂ ಜಾಗ ಕೊಡಲಿಲ್ಲ. ಹರಿಪ್ರಸಾದನ ಮಳಿಗೆಯಲ್ಲೇ ಉಳಿಯಬೇಕಾಯಿತು.

ಕಳೆದ ಬೇಸಿಗೆಯಲ್ಲಿ ಕನ್ನಮ್ಮನ ಒತ್ತಾಯಕ್ಕೆ ತೀರ್ಥಹಳ್ಳಿ ಬಸ್ಸು ಹತ್ತಿದ. ಸಾಹೇಬರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿದ.

“ಏಳು ಮಾರಾಯ. ನೀನು ನಿಲ್ದಿದ್ರೂ ನನ್ನ ಕತೆ ಮುಗಿದಿತ್ತು,” ಎಂದರು ಸಾಹೇಬರು. “ದೆಹಲಿಗೆ ಹೋದ್ಮೇಲೆ ಈ ಕಡೆ ತಿರುಗಿ ನೋಡ್ಲಿಲ್ಲ ನಾನು. ನಮ್ಮೂರ ಬೂತಲ್ಲೇ ಜನ ನಂಗೆ ಹಾಕ್ಲಿಲ್ಲ. ಮೊದಲಾದ್ರೆ ನಿನ್ನಂಥೋರು ಹತ್ತು ಜನ ನಿಂತಿದ್ರೂ ಗೆಲ್ತಿದ್ದೆ.”

ಜಟ್ಟಿಂಗಪ್ಪನ ಉಸಿರು ಹಗುರಾಯಿತು. “ಇದನ್ನ ನಾಲ್ಕು ಜನರ ಮುಂದೆ ಒಂದ್ಸಲ ಹೇಳಿ ಸಾಹೇಬ್ರೆ.”

ಮುದುಕರು ಅಂಗಳದ ಕಡೆ ಮುಖ ತಿರುಗಿಸಿದರು. “ಜನ ಕೈಬಿಟ್ರು ಅನ್ನೋದಕ್ಕಿಂತ ನೀನು ಕೆಡಿಸ್ದೆ ಅನ್ನೋದು ನಂಗೆ ಸುಲಭ. ಇನ್ನೆಷ್ಟು ದಿನ ಇರ್ತೀನಿ? ಅಲ್ಲಿ ತನಕ ಸುಮ್ನಿದ್ಬಿಡು.”

ಜಟ್ಟಿಂಗಪ್ಪ ಆಗಲೆಂದು ಕೈಮುಗಿದು ಜಗಲಿ ಇಳಿದ.

ಮನೆಯಲ್ಲಿ ಕನ್ನಮ್ಮ ಕಾದಿದ್ದಳು. “ಏನಂದ್ರು?”

“ಕ್ಷಮಿಸಿದ್ರು,” ಎಂದ.

ಮರುದಿನ ಬೈಕು ತಂದ ಗಿರಾಕಿಯೊಬ್ಬ, “ಕ್ಷಮಿಸಿದ್ರಂತೆ ಹೌದಾ? ದೊಡ್ಡ ಮನುಷ್ಯ ಬಿಡು,” ಎಂದ. ಜಟ್ಟಿಂಗಪ್ಪ ಹೌದೆಂದು ತಲೆಯಾಡಿಸಿ, ಚಕ್ರ ಬಿಚ್ಚತೊಡಗಿದ.