ಯಂತ್ರದ ಬಾಯಿಗೆ ಹಚ್ಚಿದ ಕುಂಕುಮ

ಮೊನ್ನೆ ಶಹಾಪುರದ ದವಾಖಾನೆಯಲ್ಲಿ ನರ್ಸಮ್ಮ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಾಗ ಸೂಜಿಯ ಭಯ ಬರಲಿಲ್ಲ. ಆ ವಾಸನೆಗೆ ನೆನಪಾದದ್ದು ಚೆಕ್ಕು ಸ್ಕ್ಯಾನ್ ಮಾಡುವ ಯಂತ್ರ. ನಗಬೇಡಿ. ಬ್ಯಾಂಕಿನ ಗುಮಾಸ್ತಿಕೆಯಲ್ಲಿ ತಲೆ ನರೆತವನ ನೆನಪುಗಳು ಹೀಗೇ ಇರುತ್ತವೆ.

ಆಗ ನಾನು ಭೀಮರಾಯನಗುಡಿಯ ಶಾಖೆಯಲ್ಲಿದ್ದೆ. ಚೆಕ್ಕುಗಳನ್ನು ಲಕೋಟೆಯಲ್ಲಿ ತುಂಬಿ ಕಳಿಸುವ ಕಾಲ ಮುಗಿದು, ಅವುಗಳ ಚಿತ್ರವನ್ನಷ್ಟೇ ಕಳಿಸುವ ಯಂತ್ರ ಬಂದಿತ್ತು. ರೊಟ್ಟಿ ಡಬ್ಬಿಯಷ್ಟು ದೊಡ್ಡದು. ಒಂದು ಕಡೆ ಚೆಕ್ಕು ಇಟ್ಟರೆ ಸರ್ರನೆ ಇನ್ನೊಂದು ಕಡೆ ಹೊರಬರುತ್ತಿತ್ತು. ನಡುವೆ ಒಳಗೇನು ನಡೆಯುತ್ತದೆಂದು ನನಗೆ ಬಲು ಕುತೂಹಲ; ಮುಚ್ಚಳ ತೆಗೆಯುವ ಧೈರ್ಯ ಮಾತ್ರ ಇರಲಿಲ್ಲ. ಧೈರ್ಯವಿಲ್ಲದ ಕಡೆ ಭಕ್ತಿ ಹೆಚ್ಚು. ಆ ದಸರೆಯ ಖಂಡೆ ಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಅದಕ್ಕೂ ವಿಭೂತಿ ಬಳಿದು, ಚೆಂಡುಹೂ ಏರಿಸಿ, ಕೈತುಂಬ ಕುಂಕುಮ ಹಚ್ಚಿದೆ.

ಹಬ್ಬದ ರಜೆ ಮುಗಿದ ಮೊದಲ ದಿನವೇ ಸಗರದ ಬಸಮ್ಮ ಬಂದರು. ಕಾಲುವೆಗೆ ಹೋದ ಹೊಲದ ಪರಿಹಾರದ ಚೆಕ್ಕು. ಮೈದುನನ ತಕರಾರು ತೀರಿ ಅದು ಕೈಗೆ ಬರುವಷ್ಟರಲ್ಲಿ ಅದರ ಅವಧಿಗೆ ಅದೊಂದೇ ದಿನ ಉಳಿದಿತ್ತು. ಹನ್ನೊಂದಕ್ಕೆ ಚಿತ್ರಗಳನ್ನು ಕಳಿಸಬೇಕು, ಆಗಲೇ ಹತ್ತೂವರೆ.

ಚೆಕ್ಕು ಹಾಕಿದೆ. ಪರದೆಯ ಮೇಲೆ ಈ ತುದಿಯಿಂದ ಆ ತುದಿಗೆ ದಪ್ಪ ಕರಿ ಗೆರೆ, ಸರಿಯಾಗಿ ಅವರ ಹೆಸರಿನ ಮೇಲೆ. ಮತ್ತೆ ಹಾಕಿದೆ, ಮತ್ತೆ ಗೆರೆ. ಬಸಮ್ಮ ಕೌಂಟರಿನ ಮೇಲೆ ಬಗ್ಗಿ ನೋಡಿದರು.

"ಮೈದುನ ನನ್ ಹೆಸರ ತಗಸಾಕ ಮೂರ್ ವರ್ಷ ಕಚೇರಿ ಅಲದಾನ್ರಿ. ಈಗ ನೀವೂ ಗೀಟ ಎಳದ್ರೇನು?"

"ನಾ ಅಲ್ಲಬೇ, ಮಷಿನ್ನು."

"ಮಷಿನ್ನಿಗ ನನ್ ಮ್ಯಾಲ ಏನ್ ಸಿಟ್ಟು?"

ಕಲಬುರಗಿಯ ಮೆಕ್ಯಾನಿಕ್ ಖಾಜಾಸಾಬನಿಗೆ ಫೋನು ಮಾಡಿದೆ. ಆತ ಕೇಳಿದ್ದು ಒಂದೇ: "ಸಾಹೇಬ್ರ, ಹಬ್ಬದಾಗ ಮಷಿನ್ನಿಗ ಪೂಜಿ ಮಾಡೀರೇನು?"

"ಮಾಡೀವಿ."

"ಕುಂಕುಮ ಎಲ್ಲಿ ಹಚ್ಚೀರಿ?"

"ಚೆಕ್ಕು ಹೋಗೋ ಬಾಯಿಗೆ."

"ಯಪ್ಪಾ! ದೇವರಿಗೆ ಹಣಿಗೆ ಹಚ್ತಾರ್ರೀ, ಬಾಯಾಗ ತುರುಕ್ತಾರೇನು? ಮುಚ್ಚಳ ತಗೀರಿ. ಗಾಜಿನ ಪಟ್ಟಿ ಅದ, ಸ್ಪಿರಿಟ್ ಹಚ್ಚಿ ಒರಸ್ರಿ. ಮೆತ್ತನ ಅರಿವಿ ಇರ್ಲಿ, ಟೇಬಲ್ ಒರಸೋದು ಬ್ಯಾಡ."

ಯಂತ್ರದ ಜೊತೆ ಬಂದ ಸ್ಪಿರಿಟ್ ಶೀಶೆಯ ಸೀಲನ್ನು ನಾನು ಒಡೆದೇ ಇರಲಿಲ್ಲ! ಮುಚ್ಚಳ ತೆಗೆದೆ. ಪುಟ್ಟ ರಬ್ಬರು ಗಾಲಿಗಳು, ಅವುಗಳ ನಡುವೆ ಬೆರಳಗಲದ ಗಾಜು, ಅದರ ಮೇಲೆ ಸಾಸಿವೆಯಷ್ಟು ಕೆಂಪು ಕಲೆ. ಇಷ್ಟೇ! ಅದರ ಮುಂದೆ ಹಾಯ್ದುಹೋಗುವ ಪ್ರತಿ ಚೆಕ್ಕಿಗೂ ಆ ಕಲೆಯೇ ಉದ್ದನೆಯ ಗೆರೆಯಾಗುತ್ತಿತ್ತು. ಮೆತ್ತನೆಯ ಬಟ್ಟೆಗೆ ನಾನು ತಡಕಾಡುತ್ತಿರುವಾಗ ಬಸಮ್ಮ ತಮ್ಮ ಹಳೆಯ ಸೀರೆಯ ಸೆರಗಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದುಕೊಟ್ಟರು.

"ತಗೋರಿ, ತೊಳದು ತೊಳದು ಬೆಣ್ಣಿ ಆಗ್ಯಾದ."

ಒರೆಸಿದೆ. ಹತ್ತು ಐವತ್ತಕ್ಕೆ ಚೆಕ್ಕು ಮತ್ತೆ ಸರ್ರನೆ ಹೋಯಿತು. ಪರದೆ ಸ್ವಚ್ಛ.

"ಇದರಾಗ ನನ್ ಹೆಸರು ಎಲ್ಲಿ ಅದ್ರಿ?" ಎಂದರು, ಓದಲು ಬಾರದ ಬಸಮ್ಮ. ಬೆರಳಿಟ್ಟು ತೋರಿಸಿದೆ. "ಜ್ವಾರಾಗಿ ಓದ್ರಿ" ಎಂದರು. ಓದಿದೆ. "ಇನ್ನೊಮ್ಮಿ" ಎಂದರು. ಮತ್ತೆ ಓದಿ, ಹನ್ನೊಂದಕ್ಕೆ ಮೊದಲೇ ಕಳಿಸಿದೆ.

ಅಲ್ಲಿಯವರೆಗೆ ಚೆಕ್ಕು ಕೈಗೆ ಬಂದರೆ ನನ್ನ ಕಣ್ಣು ಮೊದಲು ಮೊತ್ತಕ್ಕೆ ಹೋಗುತ್ತಿತ್ತು. ಈಗ ಹೆಸರು ಓದುತ್ತೇನೆ, ಎಷ್ಟೋ ಸಲ ನನಗೇ ತಿಳಿಯದಂತೆ ಬಾಯಿಬಿಟ್ಟು. ನಿನ್ನೆಯೂ ಓದಿದೆ. ಕೌಂಟರಿನಾಚೆ ಒಬ್ಬಾಕೆ ಥಟ್ಟನೆ ಎದ್ದು ನಿಂತು, "ಹೌದ್ರೀ, ನಾನ!" ಎಂದಳು.